ತುದಿಯ ನೋಟ್‌ಬುಕ್ಕು

ನಮ್ಮ ಬೆಟ್ಟದ ತುದಿಯಲ್ಲೊಂದು ತಗಡಿನ ಡಬ್ಬಿ,
ಡಬ್ಬಿಯಲ್ಲೊಂದು ನೋಟ್‌ಬುಕ್ಕು,
ಹತ್ತಿ ಬಂದವರು ಹೆಸರು ಬರೆಯಲಿಕ್ಕೆ.
ತುಂಬಿದಾಗ ಹೊಸದನ್ನು ಹೊತ್ತೊಯ್ಯುವುದು,
ಹಳತನ್ನು ಇಳಿಸಿ ತರುವುದು
ಸಂಘದವರು ನನಗೆ ವಹಿಸಿದ ಕೆಲಸ.
ಸಂಬಳವಿಲ್ಲ. ವರ್ಷಕ್ಕೊಂದು ಜೊತೆ ಉಣ್ಣೆಯ ಕಾಲುಚೀಲ.

ಗುರುವಾರ, ಬೆಳಗಿನ ಆರೂವರೆ.
ಬ್ರೆಡ್ಡಿನಂಗಡಿಗೆ ಇನ್ನೂ ಅರ್ಧ ಬಾಗಿಲು.
ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆಯ ಹಳೇ ಚಿಮಣಿ
(ಅಪ್ಪ ಇಪ್ಪತ್ತೊಂಬತ್ತು ವರ್ಷ ದುಡಿದದ್ದು ಅಲ್ಲೇ)
ಹೊಗೆಯಿಲ್ಲದೆ, ಗೋಡೆಗೆ ಆನಿಸಿ ಮರೆತ ಏಣಿಯ ಹಾಗೆ.

ಮೊದಲು ಬೀಚ್ ಮರಗಳ ಕಾಡು.
ಕಾಂಡದ ಮೇಲೆ ಕೆಂಪು ಉಂಗುರ, ನಡುವೆ ಬಿಳಿ ಚುಕ್ಕೆ:
ದಾರಿ ತಪ್ಪಿಲ್ಲ ಎನ್ನುವ ಗುರುತು.
ಮಾತು ಬೇಡವಾದವರಿಗೆ ಅಷ್ಟು ಸಾಕು,
ನೂರು ಹೆಜ್ಜೆಗೊಮ್ಮೆ ಒಂದು 'ಹೂಂ'.

ಕಾಡು ಮುಗಿದಲ್ಲಿ ಬೇಲಿ. ಬೇಲಿ ದಾಟಿದರೆ
ಇಳಿಜಾರು ಪೂರ್ತಿ ಬೆಳ್ಳಗೆ.
ಮೇ ತಿಂಗಳ ಹಿಮ ಎನ್ನುತ್ತೇವೆ ನಾವು,
ಹೊರಗಿನವರು ನಂಬಿ ಸ್ವೆಟರ್ ಹುಡುಕುತ್ತಾರೆ.
ನಾರ್ಸಿಸಸ್: ಆರು ಎಸಳು, ಒಳಗೊಂದು ಹಳದಿ ಬಟ್ಟಲು,
ಬಟ್ಟಲಿನಂಚಿಗೆ ಕೆಂಪು ದಾರದ ಹೊಲಿಗೆ.
ಹಸುಗಳು ಇನ್ನೂ ಮೇಲೆ ಬಂದಿಲ್ಲ;
ಬಂದರೂ ಇದಕ್ಕೆ ಬಾಯಿ ಹಾಕುವುದಿಲ್ಲ.
ಕಿತ್ತರೆ ದಂಡ. ಅಜ್ಜಿಯ ಕಾಲದಲ್ಲಿ
ತೋಳು ತುಂಬ ಕಿತ್ತು ರೈಲು ನಿಲ್ದಾಣದಲ್ಲಿ ಮಾರುತ್ತಿದ್ದರಂತೆ.
ಅವಳೂ ಮಾರಿದ್ದಳು.
ಆ ದುಡ್ಡಿನ ಬೂಟು ನಾನು ನೋಡಿದ್ದೇನೆ.

ಮೇಲೆ ಮೇಲೆ ಹೋದಂತೆ ಅಲ್ಲೊಂದು ಇಲ್ಲೊಂದು ಜೆನ್ಷಿಯನ್,
ಬೆರಳುದ್ದ. ನೀಲಿ ಎಂದರೆ ಸಾಲದು:
ಶಾಯಿಯ ಕುಪ್ಪಿಯೊಳಗೆ ಬಗ್ಗಿ ನೋಡಿದ ಹಾಗೆ.

ತುದಿಯಲ್ಲಿ ಗಡಿಕಲ್ಲು. ಪಡುವಣಕ್ಕೆ ಮುಖಮಾಡಿ ಕೂತರೆ
ಎಡ ತೊಡೆ ಸ್ಲೊವೇನಿಯಾ, ಬಲ ತೊಡೆ ಆಸ್ಟ್ರಿಯಾ.
ಅಮ್ಮನ ಕಾಲದಲ್ಲಿ ಇಲ್ಲಿ
ಬಂದೂಕಿನ ಹುಡುಗರು ಚಳಿಗೆ ಕಾಲು ಕುಟ್ಟುತ್ತಿದ್ದರು.
ಈಗ ಹಳದಿ ಕೊಕ್ಕಿನ ಕಾಗೆಗಳು
ಎರಡೂ ದೇಶದ ಬ್ರೆಡ್ಡಿಗೆ ಜಗಳವಾಡುತ್ತವೆ.
ತೆಂಕಣಕ್ಕೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಬೆಟ್ಟ;
ಕೊನೆಯದು ಬೆಟ್ಟವೋ ಮೋಡವೋ
ಐವತ್ತು ವರ್ಷದಿಂದ ನನಗೆ ಗೊತ್ತಾಗಿಲ್ಲ.

ಹಳೆಯದನ್ನು ತೆರೆದೆ.
ಪರೀಕ್ಷೆ ಪಾಸಾದರೆ ಮತ್ತೆ ಬರುವೆನೆಂದು ಒಬ್ಬಳು.
ಬಂದಿಲ್ಲ. ಅಥವಾ ಪಾಸಾಗಿ ಮರೆತಳು.
ಮಗುವಿನದೊಂದು ಚಿತ್ರ: ಹಸು, ಇಲ್ಲವೇ ಅಪ್ಪ.
ಮತ್ತೆ ಗುರುವಾರ ಗುರುವಾರ, ಪೆನ್ಸಿಲಿನಲ್ಲಿ, ಲುದ್ವಿಕ್:

'ಮಂಜು. ಏನೂ ಕಾಣಲಿಲ್ಲ. ಚೆನ್ನಾಗಿತ್ತು.'
'ಗಾಳಿ. ಟೋಪಿ ಆಸ್ಟ್ರಿಯಾಕ್ಕೆ ಹೋಯಿತು.'
'ಮೊಳಕಾಲುದ್ದ ಹಿಮ. ನಾನೊಬ್ಬನೇ. ಚೆನ್ನಾಗಿತ್ತು.'

ಮಾರ್ಚಿಯವರೆಗೆ ಹೀಗೆ.
ಆಮೇಲಿನ ಗುರುವಾರಗಳಲ್ಲಿ ಅವನಿಲ್ಲ.
ಹಿಂದೆ ತಿರುವಿದೆ, ಮುಂದೆ ತಿರುವಿದೆ,
ಪುಟಗಳು ಅಂಟಿವೆಯೇನೋ ಎಂದು ಉಗುರಿನಿಂದ ಬಿಡಿಸಿದೆ.

ಇಳಿಯುವಾಗ ಎಲ್ಲರಂತೆ ನನಗೂ ಮಂಡಿಯೇ ಮೊದಲು ನೆನಪಾಗುವುದು.

ಊರಿನ ಕೊನೆಯ ಮನೆ, ಸೌದೆಯ ರಾಶಿಯ ಪಕ್ಕ ಬೆಂಚು,
ಬೆಂಚಿನ ಮೇಲೆ ಚಾಚಿದ ಒಂದು ಪ್ಲಾಸ್ಟರಿನ ಕಾಲು,
ಕಾಲಿನ ಈ ತುದಿಗೆ ಲುದ್ವಿಕ್.
"ಬೆಟ್ಟದಲ್ಲಲ್ಲ," ಅಂದ, ಕೇಳುವ ಮೊದಲೇ, "ಬಚ್ಚಲಲ್ಲಿ."

ತುದಿಯ ರಬ್ಬರ್ ಮೊಹರು ಸವೆದಿತ್ತು,
ರಿಪೇರಿಗೆಂದು ಚೀಲದಲ್ಲಿ ತಂದಿದ್ದೆ.
ಪ್ಲಾಸ್ಟರಿನ ಮೇಲೊಂದು ಒತ್ತಲೇ ಅಂದೆ.
ಸೂಜಿ ಕಂಡ ಮಗುವಿನಂತೆ ಕಾಲು ಹಿಂದೆಳೆದುಕೊಂಡ.
"ಹತ್ತದವನಿಗೆ ಮೊಹರೇನು?"
ಸ್ವಲ್ಪ ಹೊತ್ತು ಬಿಟ್ಟು:
"ಹೂ ಎಲ್ಲೀತನಕ ಬಂದಿದೆ?"
"ಗಡಿಯ ತನಕ. ಆಚೆ ಇನ್ನೂ ಮೊಗ್ಗು."

ನೋಟ್‌ಬುಕ್ಕು ಇಸಿದುಕೊಂಡ. ಕೊನೆಯ ಪುಟದಲ್ಲಿ
ಎರಡು ಗೆರೆಗಳಷ್ಟು ಜಾಗ. ಕಿವಿಯ ಸಂದಿಯಿಂದ ಪೆನ್ಸಿಲು.
'ಗುರುವಾರ. ಹತ್ತಲಿಲ್ಲ.'
ತಲೆಯೆತ್ತಿ ಮೇಲೆ ನೋಡಿದ, ಬಹಳ ಹೊತ್ತು.
'ಇಲ್ಲಿಂದ ಬೆಳ್ಳಗೆ ಕಾಣುತ್ತದೆ.'
ಚೆನ್ನಾಗಿತ್ತು ಎಂದು ಬರೆಯಲಿಲ್ಲ.

ಆಮೇಲೆ ನನ್ನ ಬೂಟಿನ ಲೇಸಿಗೆ ಸಿಕ್ಕಿ ಬಂದಿದ್ದ
ಬಾಡಿದ ಎಸಳೊಂದನ್ನು ಎರಡು ಬೆರಳಲ್ಲಿ ಬಿಡಿಸಿ,
"ಇದು ಕಿತ್ತದ್ದಲ್ಲ," ಎನ್ನುತ್ತಾ, ಯಾರೋ ಕೇಳಿದರೆಂಬಂತೆ,
ಪುಟದ ನಡುವೆ ಇಟ್ಟು ಮುಚ್ಚಿದ.